ಹಸು ಹತ್ತಿಸುವ ಮೊದಲು ಪಿಕಪ್‌ನ ಅಡಿಗೊಮ್ಮೆ ನೋಡಿ

ಮಲ್ಲಿಪಟ್ಟಣ ಹೋಬಳಿಯ ಉತ್ಪಾದಕ ಬಂಧುಗಳಿಂದ ಬರುವ ಕರೆಗಳಲ್ಲಿ ಒಂದು ಬಗೆಯದು ಹೀಗಿರುತ್ತದೆ: "ಡಾಕ್ಟ್ರೇ, ಚನ್ನರಾಯಪಟ್ಟಣದ ಕಡೆಯಿಂದ ಹಸು ತಂದ್ವಿ. ಅಲ್ಲಿ ಕರೆದು ತೋರಿಸ್ದಾಗ ಎಂಟು ಲೀಟರ್ ಕೊಡ್ತು, ಇಲ್ಲಿ ನಾಲ್ಕೂ ಇಲ್ಲ." ಮಾರಿದವರು ಮೋಸ ಮಾಡಿದರೆಂಬುದೇ ಮೊದಲ ಅನುಮಾನ. ಇದ್ದರೂ ಇರಬಹುದು. ಆದರೆ ಮೊಣಕಾಲು ತರಚಿ, ಸೊಂಟದ ಮೂಳೆಯ ಮೇಲೆ ಊತ ಕಂಡರೆ ನಾನು ಮೊದಲು ಕೇಳುವುದು ಗಾಡಿಯ ವಿಚಾರ.

ದೊಡ್ಡ ಹಸು ಓಡುವ ಗಾಡಿಯಲ್ಲಿ ಸಾಮಾನ್ಯವಾಗಿ ಮಲಗುವುದಿಲ್ಲ. ಕಾಲು ಅಗಲಿಸಿ, ಗಾಡಿ ವಾಲಿದತ್ತ ಮೈಭಾರ ಹೊಂದಿಸಿಕೊಂಡು ನಿಲ್ಲುತ್ತದೆ. ಪಿಕಪ್‌ನ ಚಾಸಿಗೂ ಮೇಲಿನ ಕ್ಯಾಬಿನ್, ಬಾಡಿಗೂ ನಡುವೆ ಬೋಲ್ಟ್ ಕೂರುವ ಕಡೆ ರಬ್ಬರ್ ಬುಷ್ ಅಥವಾ ಪ್ಯಾಡ್ ಇರುತ್ತದೆ. ಅದು ಸವೆದರೆ ಗುಂಡಿಗೆ ಬಿದ್ದಾಗ ಮೊದಲು ಚಾಸಿ ಕುಲುಕುತ್ತದೆ, ಅದರ ಬೆನ್ನಿಗೇ ಬಾಡಿ ಇನ್ನೊಮ್ಮೆ ಜಾಡಿಸುತ್ತದೆ. ಮೊದಲ ಕುಲುಕಿಗೆ ಕಾಲು ಊರಿದ ಹಸು ಎರಡನೆಯದಕ್ಕೆ ಮುಗ್ಗರಿಸುತ್ತದೆ. ದಾರಿಯುದ್ದಕ್ಕೂ ಹೀಗಾದರೆ ಹೆದರಿಕೆ, ಮೈನೋವು ಸೇರಿ ಹಾಲು ಇಳಿಯದೆ ಇನ್ನೇನಾದೀತು?

ಪರೀಕ್ಷೆಗೆ ಮೆಕ್ಯಾನಿಕ್ಕೇ ಬೇಕೆಂದಿಲ್ಲ. ಖಾಲಿ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಒಬ್ಬರು ಬಾಡಿಯನ್ನು ಪಕ್ಕಕ್ಕೆ ಜೋರಾಗಿ ಅಲುಗಿಸಲಿ, ಇನ್ನೊಬ್ಬರು ಕೆಳಗಿನ ಸಂದಿ ನೋಡಲಿ. ಕೈ ಮಾತ್ರ ಸಂದಿಗೆ ಹಾಕಬೇಡಿ. ಚಾಸಿ ಸುಮ್ಮನಿದ್ದು ಬಾಡಿ ಮಾತ್ರ ಆಡಿದರೆ, ರಬ್ಬರ್ ಬಿರಿದು ಹೊರಬಂದಿದ್ದರೆ, ಬೋಲ್ಟಿನ ಸುತ್ತ ತುಕ್ಕಿನ ಪುಡಿ ಉದುರಿದ್ದರೆ ಬುಷ್ ಮುಗಿದಿದೆ. ಕ್ಯಾಬಿನ್ ಬಾಗಿಲು ಸರಿಯಾಗಿ ಕೂರದಿರುವುದೂ ಒಂದು ಸುಳಿವು. ಹಳೆ ಟೈರಿನ ತುಂಡು ತುರುಕಿ ಬೋಲ್ಟ್ ಬಿಗಿಯುವುದು ನಮ್ಮಲ್ಲಿ ರೂಢಿ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಬಾಡಿ ವಾರೆ ಕೂರುತ್ತದೆ. ಎರಡೂ ಬದಿಯದನ್ನು ಒಟ್ಟಿಗೆ ಬದಲಿಸುವುದೇ ಸರಿ. ಜಂಪ್ಸ್ ಮೇಲೆ ಆಯಿಲ್ ಜಿನುಗಿದ್ದರೆ, ಗಾಡಿ ಒಂದು ಬದಿಗೆ ವಾಲಿ ನಿಂತಿದ್ದರೆ ಅದನ್ನೂ ತೋರಿಸಿ.

ಇನ್ನೊಂದು ತೊಂದರೆ ನಮ್ಮ ಸೀಮೆಯ ಬೆಳೆಯಿಂದಲೇ ಬಂದದ್ದು. ಶುಂಠಿ, ಆಲೂಗೆಡ್ಡೆ, ತಂಬಾಕು ಹೆಚ್ಚು ಹೇರಲೆಂದು ಮಾಲೀಕರು ಕಮಾನಿಗೆ ಹೆಚ್ಚುವರಿ ಪ್ಲೇಟು ಸೇರಿಸಿರುತ್ತಾರೆ. ಎರಡು ಟನ್ನಿಗೆ ಬಿಗಿ ಮಾಡಿದ ಕಮಾನು ನಾಲ್ಕೈದು ನೂರು ಕೆ.ಜಿ.ಯ ಒಂದು ಹಸುವಿಗೆ ಬಗ್ಗುವುದೇ ಇಲ್ಲ. ಗುಂಡಿಯ ಪೆಟ್ಟೆಲ್ಲ ನೇರ ಗೊರಸಿಗೆ. ಶುಂಠಿ ಮೂಟೆಗೆ ಒಳ್ಳೆಯ ಗಾಡಿ ಹಸುವಿಗೂ ಒಳ್ಳೆಯದೆಂದು ತಿಳಿಯಬೇಡಿ. ಬಾಡಿಗೆ ಇನ್ನೂರು ರೂಪಾಯಿ ಹೆಚ್ಚಾದರೂ ಬೇರೆ ಗಾಡಿ ಹಿಡಿಯಿರಿ.

ಹಸುವನ್ನು ಕ್ಯಾಬಿನ್‌ಗೆ ಹತ್ತಿರ, ಮುಖ ಮುಂದೆ ಮಾಡಿ ಕಟ್ಟಿ. ಹಿಂದಿನ ಆಕ್ಸಲ್ ದಾಟಿದ ಭಾಗವೇ ಹೆಚ್ಚು ಎಗರುವುದು. ಹಗ್ಗವನ್ನು ಮೂಗುದಾರಕ್ಕೆ ಕಟ್ಟಲೇಬೇಡಿ. ತಗಡಿನ ಮೇಲೆ ತೆಂಗಿನ ನಾರಿನ ಚಾಪೆ ಅಥವಾ ಕೊಟ್ಟಿಗೆಯ ಮ್ಯಾಟ್ ಹಾಸಿ. 1978ರ ಪ್ರಾಣಿ ಸಾಗಣೆ ನಿಯಮಗಳೂ ಜಾರದ ಹಾಸು, ಜೊತೆಗೊಬ್ಬ ಆಳು ಇರಬೇಕೆನ್ನುತ್ತವೆ, ಬೇರೆ ಸರಕು ಹೇರಬಾರದೆನ್ನುತ್ತವೆ. ಮೋಟಾರು ವಾಹನ ನಿಯಮದಂತೆ ಒಂದು ಹಸುವಿಗೆ ಎರಡು ಚದರ ಮೀಟರ್, ಅಂದರೆ ಸುಮಾರು 21.5 ಚದರ ಅಡಿ ಜಾಗ ಬೇಕು. ಒಂಬತ್ತು ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯಲ್ಲಿ ಎರಡೇ ಹಸು. ಮೂರನೆಯದನ್ನು ತುರುಕುವವರನ್ನು ಸಂತೆಯ ದಿನ ಎಷ್ಟು ಬೇಕಾದರೂ ನೋಡಬಹುದು.

ತುಂಬು ಗಬ್ಬದ ಹಸುವನ್ನು ಸಾಗಿಸದಿರುವುದೇ ಲೇಸು. ಕರು ಹಾಕುವ ಕಾಲ ಹತ್ತಿರವಿದ್ದರೆ ಪ್ರಯಾಣದ ಆಯಾಸಕ್ಕೆ ಸುಣ್ಣದಂಶ ಕುಸಿದು ಹಸು ನೆಲ ಹಿಡಿಯಬಹುದು.

ಮನೆಗೆ ಬಂದ ಹಸುವಿಗೆ ಮೊದಲು ನೀರು, ಆಮೇಲೆ ಒಣಹುಲ್ಲು ಕೊಡಿ. ಹಿಂಡಿಯನ್ನು ಎರಡು ಮೂರು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಹಾಲು ಕೆಲವು ದಿನದಲ್ಲಿ ಏರಬೇಕು. ಮೇವು ಬಿಟ್ಟರೆ, ನಡುಗಿದರೆ, ಮೇಲೇಳಲು ತಡಕಾಡಿದರೆ ಬಾಲ ಹಿಡಿದು ಎತ್ತಬೇಡಿ. ಅಡಿಗೆ ಹುಲ್ಲು ಹಾಸಿ, ಮಗ್ಗುಲು ಬದಲಿಸಿ, ಕೂಡಲೇ ವೈದ್ಯರನ್ನು ಕರೆಯಿರಿ.