ಕಟ್ಟಡದ ಟೆಂಡರೂ ಕರಾರುಪತ್ರವೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ನಾಣ್ನುಡಿಯನ್ನು ಕೇಳದವರು ನಮ್ಮಲ್ಲಿ ವಿರಳ. ಈ ಎರಡು ಕಾರ್ಯಗಳಲ್ಲಿಯೂ ಮೊದಲು ಎಣಿಸಿದ ವೆಚ್ಚವು ಒಂದು, ಕಡೆಯಲ್ಲಿ ಆಗುವ ವೆಚ್ಚವು ಇನ್ನೊಂದು ಎಂಬದೇ ಅದರ ತಾತ್ಪರ್ಯ. ಮದುವೆಯ ವಿಚಾರವನ್ನು ಅನುಭವಸ್ಥರಿಗೆ ಬಿಟ್ಟು, ಕಟ್ಟಡದ ವೆಚ್ಚವು ಯಾಕೆ ಕೈಮೀರುತ್ತದೆ, ಅದನ್ನು ಹತೋಟಿಯಲ್ಲಿಡುವದಕ್ಕೆ ಟೆಂಡರು, ಕರಾರುಪತ್ರ ಮೊದಲಾದ ಕಾಗದಗಳು ಹೇಗೆ ಸಹಾಯವಾಗುತ್ತವೆ ಎಂಬದನ್ನು ಈ ಲೇಖನದಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸುವೆವು. ಇದು ಇಂಜಿನಿಯರರ ವಿಷಯವೆಂದು ನಮ್ಮ ವಿದ್ಯಾರ್ಥಿನಿಯರು ಪುಟವನ್ನು ಮಗುಚದಿರಲಿ. ಇಂದು ಅವರಲ್ಲಿಯೇ ಕೆಲವರು ಇಂಜಿನಿಯರರಾಗುವರು. ಉಳಿದವರೂ ಒಂದಿಲ್ಲೊಂದು ದಿನ ಮನೆಯೊಡತಿಯರಾಗಿಯೋ ಸಂಘಸಂಸ್ಥೆಗಳ ಕೋಶಾಧಿಕಾರಿಗಳಾಗಿಯೋ ಇಂಥ ಕಾಗದಕ್ಕೆ ರುಜು ಹಾಕಬೇಕಾಗುವದು.

ಈ ಚಿಂತೆಯು ಹೊಸದಲ್ಲ. ಎಫೆಸ ಪಟ್ಟಣದಲ್ಲಿದ್ದ ಒಂದು ಪ್ರಾಚೀನ ಕಾನೂನನ್ನು ರೋಮಿನ ಶಿಲ್ಪಶಾಸ್ತ್ರಜ್ಞನಾದ ವಿಟ್ರೂವಿಯಸನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಸಾರ್ವಜನಿಕ ಕಟ್ಟಡವನ್ನು ವಹಿಸಿಕೊಳ್ಳುವ ಶಿಲ್ಪಿಯು ಅದರ ವೆಚ್ಚವನ್ನು ಮುಂಚಿತವಾಗಿ ತಿಳಿಸಬೇಕು. ಕೆಲಸ ಮುಗಿಯುವ ತನಕ ಅವನ ಆಸ್ತಿಯು ಅಧಿಕಾರಿಗಳಲ್ಲಿ ಒತ್ತೆಯಾಗಿರುವದು. ಹೇಳಿದ ಮೊತ್ತದಲ್ಲಿ ಮುಗಿಸಿದರೆ ಅವನಿಗೆ ಸನ್ಮಾನ. ಕಾಲು ಭಾಗದಷ್ಟು ಹೆಚ್ಚಾದರೆ ಬೊಕ್ಕಸವು ಅದನ್ನು ತುಂಬುವದು. ಅದಕ್ಕೂ ಮೀರಿದರೆ ಶಿಲ್ಪಿಯ ಸ್ವಂತ ಆಸ್ತಿಯಿಂದಲೇ ವಸೂಲು. ಮೊದಲೇ ಲೆಕ್ಕ, ಅದಕ್ಕೆ ಒಂದು ಜಾಮೀನು, ತಪ್ಪಿದರೆ ಗೊತ್ತಾದ ಪರಿಹಾರ—ಇಂದಿನ ಕರಾರುಪತ್ರಗಳ ಮೂಲತತ್ವಗಳು ಇಷ್ಟರಲ್ಲಿಯೇ ಅಡಗಿವೆ.

ಹಾಗಾದರೆ ಟೆಂಡರೆಂದರೇನು? ಒಂದು ಶಾಲೆಗೆ ಎರಡು ಕೋಣೆಗಳನ್ನು ಕಟ್ಟಿಸಬೇಕೆಂದು ಭಾವಿಸೋಣ. ಆಡಳಿತ ಮಂಡಳಿಯವರು ನಾಲ್ವರು ಕಂತ್ರಾಟುದಾರರನ್ನು ಕರೆದು, “ಎರಡು ಕೋಣೆಗಳಿಗೆ ಎಷ್ಟಾಗುವದು?” ಎಂದು ಬಾಯಿಮಾತಿನಲ್ಲಿ ವಿಚಾರಿಸಿದರೆ, ಒಬ್ಬನು ಹಂಚಿನ ಮಾಡನ್ನೂ ಇನ್ನೊಬ್ಬನು ಕಾಂಕ್ರೀಟಿನ ತಾರಸಿಯನ್ನೂ ಮನಸ್ಸಿನಲ್ಲಿಟ್ಟು ಉತ್ತರ ಕೊಡುವನು. ಒಬ್ಬನ ಲೆಕ್ಕದಲ್ಲಿ ಬಣ್ಣವು ಸೇರಿದ್ದರೆ ಇನ್ನೊಬ್ಬನ ಲೆಕ್ಕದಲ್ಲಿ ಬಾಗಿಲು ಕಿಟಕಿಗಳೂ ಸೇರಿರಲಿಕ್ಕಿಲ್ಲ. ಇಂಥ ನಾಲ್ಕು ಮೊತ್ತಗಳನ್ನು ಹೋಲಿಸುವದು ಅಕ್ಕಿಯ ಧಾರಣೆಯನ್ನು ತೆಂಗಿನಕಾಯಿಯ ಧಾರಣೆಯೊಂದಿಗೆ ಹೋಲಿಸಿದಂತೆಯೇ ಸರಿ. ಆದುದರಿಂದ ಎಲ್ಲರಿಗೂ ಒಂದೇ ಕೆಲಸವನ್ನು ಒಂದೇ ಮಾತುಗಳಲ್ಲಿ ಬರೆದು ತಿಳಿಸಿ, ಗೊತ್ತಾದ ದಿನದೊಳಗೆ ಗುಟ್ಟಾಗಿ ದರಗಳನ್ನು ತರಿಸಿ, ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ತೆರೆದು ನೋಡುವ ಕ್ರಮವು ಏರ್ಪಟ್ಟಿದೆ. ಇದೇ ಟೆಂಡರು.

ಟೆಂಡರಿನ ಕಟ್ಟಿನಲ್ಲಿ ಸಾಮಾನ್ಯವಾಗಿ ಐದು ಬಗೆಯ ಕಾಗದಗಳಿರುತ್ತವೆ. ಮೊದಲನೆಯದು ಪ್ರಕಟನೆ ಮತ್ತು ಸೂಚನೆಗಳು: ಯಾರು ಅರ್ಹರು, ಎಷ್ಟು ಠೇವಣಿ ಇಡಬೇಕು, ಯಾವ ದಿನ ಎಷ್ಟು ಗಂಟೆಗೆ ಮುಗಿಯುವದು ಎಂಬ ವಿವರ. ಎರಡನೆಯದು ನಕ್ಷೆಗಳು: ಗೋಡೆಯ ಉದ್ದಗಲ, ಕಿಟಕಿಯ ಸ್ಥಾನ, ಕಬ್ಬಿಣದ ಸರಳುಗಳ ಜೋಡಣೆ. ಮೂರನೆಯದು ವಿವರಣಪತ್ರ: ಸಾಮಾನುಗಳ ಗುಣವೂ ಕೆಲಸದ ರೀತಿಯೂ. ನಾಲ್ಕನೆಯದು ಪರಿಮಾಣಪಟ್ಟಿ: ಯಾವ ಕೆಲಸ ಎಷ್ಟು ಘನ ಮೀಟರು, ಎಷ್ಟು ಚದರ ಮೀಟರು ಎಂಬ ಲೆಕ್ಕ. ಐದನೆಯದು ಷರತ್ತುಗಳು: ಹಣ ಸಲ್ಲುವ ಕ್ರಮ, ಅವಧಿ, ತಡವಾದರೆ ಪರಿಹಾರ, ವ್ಯಾಜ್ಯವಾದರೆ ತೀರ್ಮಾನಿಸುವ ಬಗೆ. ಇವುಗಳಲ್ಲಿ ಒಂದಕ್ಕೊಂದು ವಿರೋಧ ಬಂದಾಗ ಯಾವ ಕಾಗದದ ಮಾತು ನಡೆಯತಕ್ಕದ್ದು ಎಂಬದನ್ನೂ ಮೊದಲೇ ಬರೆದಿಡುವದು ಜಾಣತನ.

ಇವುಗಳಲ್ಲಿ ವಿವರಣಪತ್ರ, ಪರಿಮಾಣಪಟ್ಟಿ ಎಂಬೆರಡರ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ. “ಗಾರೆಯು ಉತ್ತಮವಾಗಿರಬೇಕು” ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಯಾಕಂದರೆ ಉತ್ತಮವೆಂಬದು ಕಂತ್ರಾಟುದಾರನಿಗೆ ಒಂದು, ಯಜಮಾನನಿಗೆ ಇನ್ನೊಂದು. “ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು” ಎಂದು ಬರೆದರೆ ಅದನ್ನು ಅಳೆದು ನೋಡಬಹುದು. “ಕಾಂಕ್ರೀಟಿಗೆ ಚೆನ್ನಾಗಿ ನೀರು ಹಾಕಬೇಕು” ಎಂಬದಕ್ಕಿಂತ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು ಭಾರತೀಯ ಮಾನಕ 456ರಂತೆ ಏಳು ದಿನಗಳಿಗೆ ಕಡಿಮೆಯಿಲ್ಲದೆ ಒದ್ದೆಯಾಗಿಡಬೇಕು ಎಂದು ಬರೆಯುವದು ಮೇಲು. ಅಳೆಯಲು ಬಾರದ ಮಾತು ಕರಾರಿನಲ್ಲಿ ಜಗಳಕ್ಕೆ ಬಿತ್ತಿದ ಬೀಜವೇ ಸರಿ.

ಪರಿಮಾಣಪಟ್ಟಿಯ ತಪ್ಪು ಇನ್ನೂ ಸೂಕ್ಷ್ಮವಾದುದು. ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿದ ದರಗಳಿಂದ ಇದನ್ನು ತೋರಿಸುವೆವು. ಪಟ್ಟಿಯಲ್ಲಿ ಪಾಯದ ಅಗೆತ 100 ಘನ ಮೀಟರು, ಮುರಕಲ್ಲಿನ ಗೋಡೆ 80 ಘನ ಮೀಟರು ಎಂದಿರಲಿ. ಮೊದಲನೆಯ ಕಂತ್ರಾಟುದಾರನು ಅಗೆತಕ್ಕೆ 300 ರೂಪಾಯಿ, ಗೋಡೆಗೆ 6,000 ರೂಪಾಯಿ ದರ ಹಾಕಿದನು; ಒಟ್ಟು 5,10,000. ಎರಡನೆಯವನು ಅಗೆತಕ್ಕೆ 900, ಗೋಡೆಗೆ 5,000 ಹಾಕಿದನು, ಒಟ್ಟು 4,90,000. ಎರಡನೆಯವನದು ಕಡಿಮೆಯೆಂದು ಕೆಲಸವು ಅವನಿಗೇ ದೊರೆಯಿತು. ಆದರೆ ನೆಲದ ಗುಣವನ್ನು ಮೊದಲೇ ಪರೀಕ್ಷಿಸಿರಲಿಲ್ಲವಾದ್ದರಿಂದ, ಗಟ್ಟಿನೆಲ ಸಿಕ್ಕುವ ತನಕ 200 ಘನ ಮೀಟರು ಅಗೆಯಬೇಕಾಗಿ ಬಂತು. ಈಗ ಅವನ ಬಿಲ್ಲು 5,80,000. ಮೊದಲನೆಯವನೇ ಮಾಡಿದ್ದರೆ 5,40,000 ಆಗುತ್ತಿತ್ತು! ಪಟ್ಟಿಯ ಕೊರತೆಯನ್ನು ಮೊದಲೇ ಊಹಿಸಿದ ಜಾಣನಿಗೆ ಅದರಿಂದ ಲಾಭ, ಕಟ್ಟಿಸುವವರಿಗೆ ನಷ್ಟ. ಆದಕಾರಣ ಮೊತ್ತವನ್ನು ಮಾತ್ರವಲ್ಲದೆ ಪ್ರತಿಯೊಂದು ದರವನ್ನೂ ಪರಿಶೀಲಿಸಬೇಕು. ಅದಕ್ಕಿಂತ ಮೊದಲು ನೆಲವನ್ನು ಪರೀಕ್ಷಿಸಬೇಕು.

ಸಾರ್ವಜನಿಕ ಹಣದ ವಿಷಯದಲ್ಲಿ ಇದು ಕಟ್ಟಿಸುವವರ ಇಚ್ಛೆಗೆ ಬಿಟ್ಟ ಮಾತಲ್ಲ. ನಮ್ಮ ರಾಜ್ಯದಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಪ್ರಕಾರ, ಕೆಲವು ವಿನಾಯಿತಿಗಳ ಹೊರತು, ಸರಕಾರಿ ಕೆಲಸಗಳನ್ನು ಟೆಂಡರಿನ ಮೂಲಕವೇ ಕೊಡಬೇಕು. ಅನ್ಯಾಯವಾಯಿತೆಂದು ತೋರಿದ ಟೆಂಡರುದಾರನು ಮೇಲ್ಮನವಿ ಮಾಡುವದಕ್ಕೂ ಅದರಲ್ಲಿ ಅವಕಾಶವುಂಟು.

ಟೆಂಡರು ಅಂಗೀಕಾರವಾದ ಮೇಲೆ ಅದು ಕರಾರಾಗಿ ಪರಿಣಮಿಸುತ್ತದೆ. 1872ರ ಭಾರತೀಯ ಕರಾರು ಅಧಿನಿಯಮವು ಇಂಥ ಕರಾರುಗಳಿಗೆ ಆಧಾರ. ತಡವಾದ ದಿನಕ್ಕೆ ಇಷ್ಟೆಂದು ಕರಾರಿನಲ್ಲಿ ಬರೆದಿದ್ದರೂ, ಆ ಅಧಿನಿಯಮದ 74ನೆಯ ಪ್ರಕರಣದ ಮೇರೆಗೆ, ಬರೆದ ಮೊತ್ತವನ್ನು ಮೀರದಂತೆ ನ್ಯಾಯವಾದ ಪರಿಹಾರ ಮಾತ್ರ ದೊರೆಯುವದು. ಅದು ಸೇಡು ತೀರಿಸುವ ಸಾಧನವಲ್ಲ. ನಡೆದ ಕೆಲಸವನ್ನು ಅಳತೆಪುಸ್ತಕದಲ್ಲಿ ಬರೆದು ಆಗಾಗ್ಗೆ ಹಣ ಕೊಡುವದೂ, ಅದರಲ್ಲಿ ಸ್ವಲ್ಪ ಭಾಗವನ್ನು ತಡೆದಿಟ್ಟು, ಕಟ್ಟಡವು ಮುಗಿದು ಗೊತ್ತಾದ ಅವಧಿಯಲ್ಲಿ ದೋಷಗಳು ಕಾಣದಿದ್ದರೆ ಹಿಂದಿರುಗಿಸುವದೂ ರೂಢಿ. ಮಳೆಗಾಲವೊಂದು ಕಳೆಯದೆ ಮಾಡಿನ ಗುಣವು ತಿಳಿಯುವದಿಲ್ಲವಷ್ಟೆ?

ಕಾಗದಗಳು ಸಿದ್ಧವಾಗುವ ಮುಂಚೆಯೇ ಕೆಲಸಕ್ಕೆ ತೊಡಗಿದರೆ ಏನಾಗುವದೆಂಬದಕ್ಕೆ ಆಸ್ಟ್ರೇಲಿಯದ ಸಿಡ್ನಿ ಪಟ್ಟಣದ ಒಪೆರಾ ಹೌಸ್ ಎಂಬ ನಾಟ್ಯಸಂಗೀತಶಾಲೆಯು ಪ್ರಸಿದ್ಧ ನಿದರ್ಶನ. 1957ರಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಎಂಬ ಶಿಲ್ಪಿಯ ವಿನ್ಯಾಸವು ಸ್ಪರ್ಧೆಯಲ್ಲಿ ಆಯ್ಕೆಯಾಯಿತು. ಹಾಯಿಗಳಂತೆ ಎದ್ದು ನಿಲ್ಲುವ ಆ ಛಾವಣಿಯನ್ನು ಕಟ್ಟುವ ರೀತಿಯು ಇನ್ನೂ ನಿರ್ಧಾರವಾಗಿರಲಿಲ್ಲ. ಆದರೂ ರಾಜ್ಯ ಸರಕಾರದ ಅವಸರದಿಂದ 1959ರಲ್ಲಿಯೇ ಕೆಳಗಣ ಜಗಲಿಯ ಕೆಲಸವು ಪ್ರಾರಂಭವಾಯಿತು. ನಕ್ಷೆಗಳು ಕೆಲಸದ ಹಿಂದೆ ಓಡತೊಡಗಿದವು. ಛಾವಣಿಯ ಭಾರವು ನಿಶ್ಚಯವಾದಾಗ, ಕಟ್ಟಿದ್ದ ಕಂಬಗಳು ಅದಕ್ಕೆ ಸಾಲವೆಂದು ತಿಳಿದು ಅವುಗಳನ್ನು ಬಲಪಡಿಸಿ ಪುನಃ ಕಟ್ಟಬೇಕಾಯಿತು. 1963ರಲ್ಲಿ ಮುಗಿಯಬೇಕಾಗಿದ್ದ ಕಟ್ಟಡದ ಪ್ರಾರಂಭೋತ್ಸವವು ನಡೆದದ್ದು 1973ರ ಅಕ್ಟೋಬರ್ 20ರಂದು. ಸುಮಾರು 70 ಲಕ್ಷ ಡಾಲರುಗಳ ಅಂದಾಜು 10 ಕೋಟಿ 20 ಲಕ್ಷಕ್ಕೆ ಏರಿತು. ಉಟ್ಸನನು 1966ರಲ್ಲಿಯೇ ಆ ಕಾರ್ಯವನ್ನು ಬಿಟ್ಟು ಹೊರಟುಹೋಗಿದ್ದನು. ಆ ಕಟ್ಟಡವು 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತೆಂಬದು ನಿಜ. ಆದರೆ ಅಷ್ಟು ವೆಚ್ಚವನ್ನು ತಾಳುವ ಶಕ್ತಿಯು ಒಂದು ಶಾಲೆಗಾಗಲಿ ಒಂದು ಕುಟುಂಬಕ್ಕಾಗಲಿ ಎಲ್ಲಿಯದು?

ಮೇಲೆ ಹೇಳಿದ ಎಲ್ಲವುಗಳಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಕಾಗದದ ಮೇಲೆ ತೀರ್ಮಾನವಾಗದ ಮಾತು ಕಟ್ಟಡದ ಮೇಲೆ ತೀರ್ಮಾನವಾಗುವದು; ಆಗ ಅದರ ಬೆಲೆಯು ಹೆಚ್ಚು. ಆ ಬೆಲೆಯನ್ನು ತೆರುವವರೂ ಯಾವಾಗಲೂ ರುಜು ಹಾಕಿದವರೇ ಆಗಿರುವದಿಲ್ಲ. ಅತಿ ಕಡಿಮೆ ದರಕ್ಕೆ ಕೆಲಸವನ್ನು ಹಿಡಿದು ನಷ್ಟಕ್ಕೆ ಗುರಿಯಾದ ಕಂತ್ರಾಟುದಾರನು ಎಲ್ಲಿ ಉಳಿಸುವನು? ಸಿಮೆಂಟಿನಲ್ಲಿ ಉಳಿಸುವನು, ಇಲ್ಲವಾದರೆ ತಲೆಯ ಮೇಲೆ ಜಲ್ಲಿ ಹೊರುವ ಹೆಂಗಸರ ಕೂಲಿಯಲ್ಲಿ ಉಳಿಸುವನು. ಮೊದಲನೆಯದರ ಫಲವನ್ನು ಮುಂದೆ ಆ ಮಾಡಿನ ಕೆಳಗೆ ಕೂತು ಓದುವ ಮಕ್ಕಳು ಉಣ್ಣುವರು. ಎರಡನೆಯದರ ಫಲವನ್ನು ಆ ಕೂಲಿಯವಳ ಮಕ್ಕಳು ಅಂದಿನ ರಾತ್ರಿಯೇ ಉಣ್ಣುವರು. ಆದಕಾರಣ ಕೂಲಿಯನ್ನು ಸಕಾಲದಲ್ಲಿ ಸಲ್ಲಿಸುವ ಷರತ್ತೂ ಸಾಮಾನುಗಳ ಪರೀಕ್ಷೆಯ ಷರತ್ತೂ ಕರಾರುಪತ್ರದಲ್ಲಿ ಅಲಂಕಾರಕ್ಕಾಗಿ ಇರುವವುಗಳಲ್ಲ.

ನಮ್ಮ ಸಹೋದರಿಯರು ಇಂಥ ಪತ್ರಕ್ಕೆ ರುಜು ಹಾಕುವ ಸಂದರ್ಭ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಲಿ. ಬರೆದುದನ್ನು ಅಳೆಯಬಹುದೇ? ಅಳೆಯುವವರು ಯಾರು? ಅಳತೆ ತಪ್ಪಿದರೆ ಏನಾಗುವದು? ಈ ಮೂರಕ್ಕೂ ಕಾಗದದಲ್ಲಿಯೇ ಉತ್ತರ ದೊರೆತರೆ ಧೈರ್ಯವಾಗಿ ಲೇಖನಿಯನ್ನು ಎತ್ತಬಹುದು. ದೊರೆಯದಿದ್ದರೆ, ಆ ಉತ್ತರಗಳನ್ನು ಬರೆಯಿಸಿದ ಮೇಲೆಯೇ ರುಜು ಹಾಕುವದು ಲೇಸು.