ಪೋಕೆಮಾನ್ ಹಿಂದಿನ ಹುಳು

ಮಳವಳ್ಳಿ ಸೀಮೆಯಲ್ಲಿ ಮುಂಗಾರು ಒಂದೆರಡು ಹದ ಬಿದ್ದ ಮೇಲೆ ಜಾಲಿ ಗಿಡಗಳಲ್ಲಿ ಜೀರ್ಜಿಂಬೆ ಕಾಣಿಸಿಕೊಳ್ಳುತ್ತದೆ. ಗಟ್ಟಿ ರೆಕ್ಕೆ, ಹಸಿರು ಮೈ, ಬಿಸಿಲಿಗೆ ಹಿಡಿದು ತಿರುಗಿಸಿದರೆ ಮಿರಮಿರ ಹೊಳೆಯುವ ಬಣ್ಣ. ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಬೆಳೆದ ಹಿಂದಿನ ತಲೆಮಾರಿಗೆ ಈ ಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಖಾಲಿ ಬೆಂಕಿಪೊಟ್ಟಣ, ಅದರೊಳಗೆ ಎಳೆ ಜಾಲಿ ಸೊಪ್ಪು, ಸೊಪ್ಪಿನ ಮೇಲೆ ಹುಳು, ಪೊಟ್ಟಣ ಚಡ್ಡಿ ಜೇಬಿನಲ್ಲಿ. ಮೇಷ್ಟ್ರ ಕಣ್ಣು ತಪ್ಪಿಸಿ ಯಾರ ಹುಳು ದೊಡ್ಡದು, ಯಾರದು ಮೊಟ್ಟೆ ಇಟ್ಟಿದೆ ಎಂಬ ವಿಚಾರಣೆ ನಡೆಯುತ್ತಿತ್ತು. ಒಂದು ಬಳಪಕ್ಕೋ ನಾಲ್ಕು ಗೋಲಿಗೋ ಹುಳು ಕೈ ಬದಲಾಯಿಸುತ್ತಿತ್ತು.

ಹೆಚ್ಚುಕಡಿಮೆ ಇದೇ ಆಟವನ್ನು ಟೋಕಿಯೊದ ಅಂಚಿನಲ್ಲಿ ಆಡಿ ಬೆಳೆದ ಹುಡುಗನೊಬ್ಬ ದೊಡ್ಡವನಾಗಿ ಪೋಕೆಮಾನ್ ಕಟ್ಟಿದ. ಇಂದು ನಮ್ಮ ಮಕ್ಕಳ ಬ್ಯಾಗಿನ ಮೇಲೆ, ಟಿಫಿನ್ ಡಬ್ಬಿಯ ಮೇಲೆ, ಮೊಬೈಲಿನ ಒಳಗೆ ಕೂತಿರುವ ಹಳದಿ ಪಿಕಾಚುವಿನ ಹಿಂದೆ ಹುಳು ಹಿಡಿಯುತ್ತಿದ್ದ ಆ ಹುಡುಗನ ಕೈಯಿದೆ. ಪೋಕೆಮಾನ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದು ಗಳಿಸಿದ ಹಣದಿಂದ ಮಾತು ಶುರುಮಾಡುತ್ತಾರೆ. ನನಗೆ ಅದಕ್ಕಿಂತ ಈ ಹುಳುವಿನ ಕಥೆಯೇ ದೊಡ್ಡದು. ಆ ಕಥೆ ಚೆನ್ನಾಗಿ ಅರ್ಥವಾಗುವ ಜಾಗ ರೇಷ್ಮೆ ಸಾಕುವ ನಮ್ಮ ತಾಲ್ಲೂಕುಗಳು ಎಂಬುದು ನನ್ನ ನಂಬಿಕೆ.

ಹುಡುಗನ ಹೆಸರು ಸತೋಶಿ ತಾಜಿರಿ. ಹುಟ್ಟಿದ್ದು 1965ರಲ್ಲಿ, ಬೆಳೆದದ್ದು ಮಾಚಿದಾ ಎಂಬ ಊರಿನಲ್ಲಿ. ಆಗ ಅಲ್ಲಿ ಗದ್ದೆ, ಕೆರೆ, ತೋಪುಗಳಿದ್ದವು. ಜೊತೆಯ ಹುಡುಗರು ಅವನನ್ನು ಹುಳುವಿನ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಜಪಾನಿನ ಮಕ್ಕಳು ಮರದ ತೊಗಟೆಗೆ ಜೇನು ಸವರಿ ದುಂಬಿಗಳನ್ನು ಆಕರ್ಷಿಸುವುದು ವಾಡಿಕೆ. ತಾಜಿರಿ ಬೇರೆ ಉಪಾಯ ಕಂಡುಕೊಂಡಿದ್ದ. ದುಂಬಿಗಳು ಹಗಲು ಕಲ್ಲಿನ ಅಡಿ ಮಲಗುತ್ತವೆ ಎಂಬುದನ್ನು ಗಮನಿಸಿ, ಮರದ ಬುಡದಲ್ಲಿ ತಾನೇ ಒಂದು ಕಲ್ಲು ಇಟ್ಟು ಬರುತ್ತಿದ್ದ; ಬೆಳಗ್ಗೆ ಹೋಗಿ ಕಲ್ಲು ಎತ್ತಿದರೆ ಅಡಿಯಲ್ಲಿ ದುಂಬಿ. ಮುಂದೆ ಕೀಟ ವಿಜ್ಞಾನಿ ಆಗಬೇಕೆಂಬ ಆಸೆಯೂ ಇತ್ತು. ಅಷ್ಟರಲ್ಲಿ ಊರು ಬದಲಾಯಿತು. ಕೆರೆ ಮುಚ್ಚಿ ಕಟ್ಟಡಗಳು ಎದ್ದವು, ಮೀನು ಹಿಡಿಯುತ್ತಿದ್ದ ಕಡೆ ವಿಡಿಯೊ ಗೇಮ್ ಅಂಗಡಿ ಬಂತು. ಹುಳು ಹೋದ ಜಾಗದಲ್ಲಿ ಗೇಮ್ ಬಂದಾಗ ಹುಡುಗನೂ ಗೇಮ್ ಕಡೆ ಹೋದ.

1983ರಲ್ಲಿ ತಾಜಿರಿ ಗೇಮ್ ಫ್ರೀಕ್ ಎಂಬ ಪತ್ರಿಕೆ ಶುರುಮಾಡಿದರು. ಕೈಬರಹದಲ್ಲಿ ಬರೆದು, ಪ್ರತಿ ತೆಗೆದು, ಪಿನ್ನು ಹೊಡೆದು ಮಾರುತ್ತಿದ್ದ ಪತ್ರಿಕೆ. ಅದಕ್ಕೆ ಚಿತ್ರ ಬರೆಯಲು ಬಂದವರು ಕೆನ್ ಸುಗಿಮೋರಿ. ಮಾರುಕಟ್ಟೆಯ ಗೇಮ್‌ಗಳು ಸಾಲದು, ನಾವೇ ಮಾಡೋಣ ಎಂದು 1989ರಲ್ಲಿ ಪತ್ರಿಕೆ ಅದೇ ಹೆಸರಿನ ಕಂಪನಿಯಾಯಿತು. ಆ ವರ್ಷವೇ ನಿಂಟೆಂಡೊ ಕಂಪನಿ ಅಂಗೈ ಅಗಲದ ಗೇಮ್ ಬಾಯ್ ಯಂತ್ರವನ್ನು ತಂದಿತು. ಎರಡು ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಬಹುದಿತ್ತು. ಉಳಿದವರು ಆ ತಂತಿಯನ್ನು ಕಂಡು ಇಬ್ಬರನ್ನು ಪಂದ್ಯಕ್ಕೆ ಬಿಡುವ ಯೋಚನೆ ಮಾಡಿದರು. ತಾಜಿರಿಯ ಕಣ್ಣಿಗೆ ಬಿದ್ದದ್ದು ಆ ತಂತಿಯ ಮೇಲೆ ಒಂದು ಹುಳು ಈ ಕಡೆಯಿಂದ ಆ ಕಡೆಗೆ ಹರಿದು ಹೋಗುವ ದೃಶ್ಯ. ಪೋಕೆಮಾನ್ ಹುಟ್ಟಿದ್ದು ಅಲ್ಲಿ.

1990ರಲ್ಲಿ ಯೋಜನೆ ನಿಂಟೆಂಡೊ ಮುಂದೆ ಹೋದಾಗ ಅದರ ಹೆಸರು ಕ್ಯಾಪ್ಸೂಲ್ ಮಾನ್‌ಸ್ಟರ್ಸ್. 1967ರ ಅಲ್ಟ್ರಾ ಸೆವೆನ್ ಎಂಬ ಟಿ.ವಿ. ಧಾರಾವಾಹಿಯಲ್ಲಿ ನಾಯಕ ಪುಟ್ಟ ಗುಳಿಗೆಗಳಿಂದ ರಾಕ್ಷಸ ಪ್ರಾಣಿಗಳನ್ನು ಹೊರಗೆ ಬಿಡುತ್ತಿದ್ದ. ಅದರ ನೆರಳು ಇಲ್ಲಿತ್ತು. ಆ ಹೆಸರು ದಕ್ಕಲಿಲ್ಲ. ಕೆಲಸವೂ ಬೇಗ ಮುಗಿಯಲಿಲ್ಲ. ಆರು ವರ್ಷ ಎಳೆಯಿತು, ಕಂಪನಿಯ ದುಡ್ಡು ಕರಗಿತು, ಕೆಲವರು ಕೆಲಸ ಬಿಟ್ಟು ಹೋದರು. ಕೊನೆಗೆ 1996ರ ಫೆಬ್ರುವರಿ 27ರಂದು ಕೆಂಪು, ಹಸಿರು ಎಂಬ ಎರಡು ಆವೃತ್ತಿಗಳಲ್ಲಿ ಗೇಮ್ ಹೊರಬಂತು. ಎರಡು ಯಾಕೆ ಎಂಬುದರಲ್ಲೇ ಇದರ ಜೀವಾಳ ಇದೆ. ಕೆಂಪಿನಲ್ಲಿ ಸಿಗುವ ಕೆಲವು ಪ್ರಾಣಿ ಹಸಿರಿನಲ್ಲಿ ಸಿಗುವುದಿಲ್ಲ, ಹಸಿರಿನಲ್ಲಿರುವುದು ಕೆಂಪಿನಲ್ಲಿಲ್ಲ. ಕೆಲವಂತೂ ಇನ್ನೊಬ್ಬರ ಕೈಗೆ ಹೋದರೆ ಮಾತ್ರ ರೂಪ ಬದಲಿಸುತ್ತವೆ. ಒಬ್ಬನೇ ಮೂಲೆಯಲ್ಲಿ ಕೂತು ಎಷ್ಟು ಆಡಿದರೂ ಪಟ್ಟಿ ಪೂರ್ತಿಯಾಗದು, ಇನ್ನೊಬ್ಬನ ಹತ್ತಿರ ಹೋಗಲೇಬೇಕು. ಬೆಂಕಿಪೊಟ್ಟಣ ಹಿಡಿದು ಪಕ್ಕದ ಬೆಂಚಿಗೆ ಸರಿದ ಯಾರಿಗಾದರೂ ಈ ನಿಯಮವನ್ನು ವಿವರಿಸಿ ಹೇಳಬೇಕಿಲ್ಲ.

ಆ ಮೊದಲ ಗೇಮ್‌ನಲ್ಲಿ ಲೆಕ್ಕಕ್ಕೆ 150 ಪ್ರಾಣಿಗಳು. ಎಲ್ಲಕ್ಕಿಂತ ಮೊದಲು ರೂಪ ಪಡೆದದ್ದು ಪಿಕಾಚು ಅಲ್ಲ, ಘೇಂಡಾಮೃಗದಂತಿರುವ ರೈಡಾನ್. 151ನೆಯದು ಕಳ್ಳದಾರಿಯಲ್ಲಿ ಬಂದದ್ದು. ಗೇಮ್ ಮುಗಿದು, ದೋಷ ಹುಡುಕಲು ಬಳಸಿದ್ದ ಸಲಕರಣೆಗಳನ್ನು ತೆಗೆದಾಗ ಸುಮಾರು 300 ಬೈಟ್ ಜಾಗ ಉಳಿಯಿತು. ಶಿಗೆಕಿ ಮೋರಿಮೊಟೊ ಎಂಬ ಪ್ರೋಗ್ರಾಮರ್ ಅಷ್ಟರಲ್ಲೇ ಮ್ಯೂ ಎಂಬ ಪ್ರಾಣಿಯನ್ನು ಸೇರಿಸಿಟ್ಟರು. ಅದು ಮಕ್ಕಳ ಬಾಯಿಗೆ ಬಿದ್ದು, ಎಲ್ಲೋ ಅಡಗಿದೆಯಂತೆ ಎಂದು ಸುದ್ದಿ ಹಬ್ಬಿತು. ಕೊರೊಕೊರೊ ಎಂಬ ಮಕ್ಕಳ ಪತ್ರಿಕೆ ಅರ್ಜಿ ಕರೆದು 20 ಮಂದಿಗೆ ಮ್ಯೂ ಕೊಡುತ್ತೇವೆ ಎಂದಾಗ ಅರ್ಜಿಗಳು ಸಾವಿರ ಸಾವಿರ ಲೆಕ್ಕದಲ್ಲಿ ಬಂದವು. ಹೊರಬಂದಾಗ ಅಷ್ಟಾಗಿ ಸದ್ದು ಮಾಡದಿದ್ದ ಗೇಮ್ ನಿಧಾನವಾಗಿ ಏರತೊಡಗಿತು.

ಪಿಕಾಚು ಬರೆದದ್ದು ಅಟ್ಸುಕೊ ನಿಶಿದಾ ಎಂಬ ಕಲಾವಿದೆ. ಅವರು ಹೊರಟದ್ದು ಇಲಿಯಿಂದಲ್ಲ, ದೈಫುಕು ಎಂಬ ದುಂಡನೆಯ ಅಕ್ಕಿ ಸಿಹಿತಿಂಡಿಯಿಂದ. ಆಮೇಲೆ ಅಳಿಲಿನ ಮೇಲೆ ಮನಸ್ಸಾಗಿ, ಅಳಿಲು ಕೆನ್ನೆಯಲ್ಲಿ ಕಾಳು ತುಂಬಿಕೊಳ್ಳುವಂತೆ ಇದು ಕೆನ್ನೆಯಲ್ಲಿ ವಿದ್ಯುತ್ ತುಂಬಿಕೊಳ್ಳಲಿ ಎಂದುಕೊಂಡರು. ಆ ಕೆಂಪು ಕೆನ್ನೆ ಬಂದದ್ದು ಹಾಗೆ.

ಟಿ.ವಿ. ಸರಣಿ ಶುರುವಾದದ್ದು 1997ರ ಏಪ್ರಿಲ್ 1ರಂದು. ನಮ್ಮ ಮಕ್ಕಳು ಆ್ಯಶ್ ಎಂದು ಕರೆಯುವ ನಾಯಕನಿಗೆ ಜಪಾನಿನಲ್ಲಿ ಇರುವುದು ತಾಜಿರಿಯವರದೇ ಹೆಸರು, ಸತೋಶಿ. ಅವನ ಎದುರಾಳಿಗೆ ತಾಜಿರಿ ಗುರುಸ್ಥಾನದಲ್ಲಿಟ್ಟ ನಿಂಟೆಂಡೊದ ಶಿಗೆರು ಮಿಯಾಮೊಟೊ ಅವರ ಹೆಸರು. ಅದೇ ವರ್ಷ ಡಿಸೆಂಬರ್ 16ರ ಕಂತಿನಲ್ಲಿ ಕೆಂಪು ನೀಲಿ ಬೆಳಕು ಅತಿ ವೇಗದಲ್ಲಿ ಮಿಂಚಿ, ನೋಡುತ್ತಿದ್ದ ಸುಮಾರು 700 ಮಕ್ಕಳು ತಲೆಸುತ್ತು, ಸೆಳವಿನಿಂದ ಆಸ್ಪತ್ರೆ ಸೇರಿದರು. ಸರಣಿ ನಾಲ್ಕು ತಿಂಗಳು ನಿಂತಿತು. ಮಿಂಚುವ ಬೆಳಕಿಗೆ ಜಪಾನಿನ ಟಿ.ವಿ.ಯಲ್ಲಿ ನಿಯಮಗಳು ಬಂದವು. ಮಿಂಚು ಎಬ್ಬಿಸಿದ್ದು ಪಿಕಾಚು. ಆದರೆ ತೆರೆಯಿಂದ ಮರೆಯಾದದ್ದು ಆ ಕಂತಿನ ಅತಿಥಿಯಾಗಿದ್ದ ಪೊರಿಗಾನ್ ಎಂಬ ಪೋಕೆಮಾನ್. ಅದಕ್ಕೆ ಮತ್ತೆ ಮುಖ್ಯ ಪಾತ್ರ ಸಿಗಲೇ ಇಲ್ಲ.

ಆ ಸರಣಿಯಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಬೇರೆ. ನಾಯಕನಿಗೆ ಪಿಕಾಚುವನ್ನು ಕೊಟ್ಟದ್ದು ಕಥೆಯಲ್ಲಿ ಬರುವ ಒಬ್ಬ ಪ್ರೊಫೆಸರ್. ಅವನು ತಾನೇ ಹಿಡಿದ ಮೊದಲ ಪೋಕೆಮಾನ್ ಒಂದು ಕಂಬಳಿಹುಳು, ಕ್ಯಾಟರ್‌ಪಿ. ಅದು ಮೆಟಾಪಾಡ್ ಎಂಬ ಗಟ್ಟಿ ಗೂಡಾಗುತ್ತದೆ, ಗೂಡಿನಿಂದ ಬಟರ್‌ಫ್ರೀ ಎಂಬ ಚಿಟ್ಟೆ ಏಳುತ್ತದೆ. ಪಟ್ಟಿಯಲ್ಲಿ 10, 11, 12ನೆಯ ಜಾಗ ಇವುಗಳದು. ಮೆಟಾಪಾಡ್‌ಗೆ ಮೈ ಗಟ್ಟಿ ಮಾಡಿಕೊಳ್ಳುವುದನ್ನು ಬಿಟ್ಟು ಹೆಚ್ಚೇನೂ ಬಾರದು. ಮಕ್ಕಳು ಅದನ್ನು ಕಂಡು ನಗುತ್ತಾರೆ. ಗೂಡಿನೊಳಗಿನ ಹುಳು ಇನ್ನೇನು ಮಾಡೀತು? ಅದನ್ನು ಬರೆದವರಿಗೆ ಕೀಟದ ಬದುಕು ಚೆನ್ನಾಗಿ ಗೊತ್ತಿತ್ತು. ಪೋಕೆಮಾನ್‌ಗಳು ಹಂತ ಹಂತವಾಗಿ ರೂಪ ಬದಲಿಸುವುದಕ್ಕೂ ಕೀಟದ ಈ ಬದುಕಿಗೂ ಹೋಲಿಕೆ ಇದೆ.

ಮಳವಳ್ಳಿ, ಮದ್ದೂರು ಕಡೆಯ ರೇಷ್ಮೆ ಬೆಳೆಗಾರರ ಮನೆಯ ಮಗುವಿಗೆ ಇದರಲ್ಲಿ ಅಚ್ಚರಿ ಏನೂ ಇಲ್ಲ. ಮೊಟ್ಟೆಯೊಡೆದು ಬಂದ ಮರಿ ಇರುವೆಯಷ್ಟೂ ಇರುವುದಿಲ್ಲ, ಬಣ್ಣ ಕಪ್ಪು. ಅದು ಚಾಕಿ ಹುಳು. ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಮೂರ್ನಾಲ್ಕು ದಿನ ಮೇದು ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಸುಮಾರು ಒಂದು ದಿನ ಕಳೆದು ಹಳೆಯ ಪೊರೆ ಬಿಟ್ಟು ಹೊರಬಂದಾಗ ಮೈ ದೊಡ್ಡದು, ಹಸಿವು ದೊಡ್ಡದು. ಹೀಗೆ ನಾಲ್ಕು ಜ್ವರ. ಇಪ್ಪತ್ತೈದು ದಿನ ಆಗುವಷ್ಟರಲ್ಲಿ ಹುಟ್ಟಿದಾಗಿನ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆದಿರುತ್ತದೆ. ತಿಂದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದ್ದೇ. ಆ ವಾರ ಮನೆಯವರ ಊಟ ನಿದ್ದೆಯೆಲ್ಲ ಹುಳುವಿನ ಹೊತ್ತಿಗೆ. ಆಮೇಲೆ ಮೈ ತೆಳುವಾಗಿ ಒಳಗಿನ ಬೆಳಕು ಕಂಡಂತಾದಾಗ ಹುಳು ಹಣ್ಣಾಯಿತು. ಹಣ್ಣಾದದ್ದನ್ನು ಆರಿಸಿ ಬಿದಿರಿನ ಚಂದ್ರಿಕೆಗೋ ಪ್ಲಾಸ್ಟಿಕ್ ನೇತ್ರಿಕೆಗೋ ಬಿಟ್ಟರೆ, ಎಂಟರ ಆಕಾರದಲ್ಲಿ ತಲೆ ಆಡಿಸುತ್ತ ಎರಡು ಮೂರು ದಿನದಲ್ಲಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದೇ ಎಳೆ ಸಾವಿರ ಮೀಟರ್ ಬರುತ್ತದೆ.

ಈ ಹುಳುಮನೆಗೂ ಜಪಾನಿಗೂ ನಂಟು ಹಳೆಯದು. ಮೈಸೂರು ಸೀಮೆಗೆ ರೇಷ್ಮೆ ತಂದದ್ದು ಟಿಪ್ಪು ಸುಲ್ತಾನ. ಅದು ಕುಗ್ಗುತ್ತಿದ್ದ ಹೊತ್ತಿನಲ್ಲಿ, 19ನೇ ಶತಮಾನದ ಕೊನೆಗೆ, ಜೆಮ್‌ಶೆಡ್‌ಜಿ ಟಾಟಾ ಜಪಾನಿನಿಂದ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಹಾಕಿಸಿದರು. ತೋಟ ಹೋದರೂ ಆ ಜಾಗಕ್ಕೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಉಳಿದಿದೆ. 1991ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನ್ ಸರ್ಕಾರದ ಸಹಕಾರ ಸಂಸ್ಥೆಯ ಜೊತೆ ದ್ವಿತಳಿ ಯೋಜನೆ ಆರಂಭವಾಯಿತು. ನಮ್ಮ ಸೆಕೆಗೆ ತಡೆಯುವ ಬಿಳಿ ಗೂಡಿನ ತಳಿಗಳು ಅದರಿಂದ ಬಂದವು. ರೈತರು ಸಿಎಸ್‌ಆರ್ ಎಂದು ಕರೆಯುವುದು ಅವನ್ನೇ. ತಾಜಿರಿಯ ತಂಡ ಟೋಕಿಯೊದಲ್ಲಿ ತೆರೆಯ ಮೇಲಿನ ಹುಳುವಿಗೆ ರೂಪ ಕೊಡುತ್ತಿದ್ದ ವರ್ಷಗಳಲ್ಲೇ ಮೈಸೂರಿನಲ್ಲಿ ಜಪಾನಿ ವಿಜ್ಞಾನಿಗಳೂ ಕನ್ನಡದ ನೆಲದ ವಿಜ್ಞಾನಿಗಳೂ ಸೇರಿ ನಿಜವಾದ ಹುಳುವನ್ನು ಬದಲಿಸುತ್ತಿದ್ದರು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಜಪಾನಿನ ರಾಕ್ಷಸ ಪ್ರಾಣಿಗಳ ಪರಂಪರೆಯಲ್ಲೂ ರೇಷ್ಮೆಹುಳು ಇದೆ. 1961ರ ಮಾತ್ರಾ ಚಿತ್ರದಲ್ಲಿ ದೈತ್ಯ ಹುಳುವೊಂದು ಟೋಕಿಯೊ ಟವರಿಗೇ ಗೂಡು ಕಟ್ಟಿ ಪತಂಗವಾಗಿ ಹಾರುತ್ತದೆ. ಜೀರ್ಜಿಂಬೆಯ ಬಳಗದ ತಮಾಮುಶಿ ಎಂಬ ದುಂಬಿಯಂತೂ ಗುಡಿಯನ್ನೇ ಸೇರಿತ್ತು: ನಾರಾ ಸೀಮೆಯ ಹೊರ್ಯು-ಜಿ ದೇಗುಲದಲ್ಲಿರುವ 7ನೇ ಶತಮಾನದ ಪುಟ್ಟ ಮರದ ಮಂಟಪವನ್ನು ಅದರ ಹೊಳೆಯುವ ರೆಕ್ಕೆಗಳಿಂದ ಅಲಂಕರಿಸಿದ್ದರು. ಮಳವಳ್ಳಿಯ ಹುಡುಗನ ಬೆಂಕಿಪೊಟ್ಟಣದಲ್ಲಿದ್ದ ಸೊಬಗು ಅಲ್ಲಿ ಬುದ್ಧನ ಮುಂದೆ ಕೂತಿತು.

ಸಾಕುವ ಆಟಿಕೆಯ ಇನ್ನೊಂದು ಕವಲನ್ನೂ ಹೇಳಬೇಕು. 1996ರ ನವೆಂಬರಿನಲ್ಲಿ ಬಂದಾಯ್ ಕಂಪನಿ ಮೊಟ್ಟೆಯಾಕಾರದ ತಮಾಗೊಚಿ ತಂದಿತು. ಹೊತ್ತಿಗೆ ಊಟ ಕೊಡಬೇಕು, ಕಸ ಬಳಿಯಬೇಕು, ಮರೆತರೆ ಒಳಗಿನ ಪ್ರಾಣಿ ಸಾಯುತ್ತದೆ. 1997ರಲ್ಲಿ ಅದರ ತಮ್ಮನಾಗಿ, ಕಾದಾಡುವ ಪ್ರಾಣಿಗಳ ಡಿಜಿಮಾನ್ ಬಂತು. ಎರಡು ವರ್ಷದ ಮೇಲೆ ಅದೂ ಕಾರ್ಟೂನ್ ಆಯಿತು. ಪೋಕೆಮಾನ್‌ನಲ್ಲಿ ಮಾತ್ರ ಪ್ರಾಣಿಗಳು ಸೋತರೆ ಸಾಯುವುದಿಲ್ಲ, ಮೂರ್ಛೆ ಹೋಗುತ್ತವೆ. ಮಕ್ಕಳ ಆಟದಲ್ಲಿ ಸಾವನ್ನು ಸುಮ್ಮನೆ ತುಂಬಬಾರದು ಎಂದು ತಾಜಿರಿ ಬೇಕೆಂದೇ ಹಾಗೆ ಮಾಡಿದರು. ನಾನು ಅದನ್ನು ಒಪ್ಪುತ್ತೇನೆ. ಹುಳುಮನೆಯ ಮಗು ಕಲಿಯುವ ಪಾಠ ಇದಕ್ಕಿಂತ ಕಠಿಣ. ರಾಮನಗರದ ಮಾರುಕಟ್ಟೆಗೆ ಹೋದ ಗೂಡು ಚಿಟ್ಟೆಯಾಗುವುದಿಲ್ಲ. ಚಿಟ್ಟೆ ಹೊರಬಂದರೆ ಎಳೆ ತುಂಡಾಗುತ್ತದೆಂದು ಅದಕ್ಕೆ ಮೊದಲೇ ಬಿಸಿ ಕೊಟ್ಟುಬಿಡುತ್ತಾರೆ. ಮೊಟ್ಟೆಗೆಂದು ಉಳಿಸಿದ ಬಿತ್ತನೆ ಗೂಡಿನಿಂದ ಮಾತ್ರ ಚಿಟ್ಟೆ ಏಳುತ್ತದೆ. ಅದಕ್ಕೂ ಹಾರಲು ಬಾರದು, ತಿನ್ನಲು ಬಾರದು. ಕೂಡಿ, ನಾನೂರು ಐನೂರು ಮೊಟ್ಟೆ ಇಟ್ಟು ಸಾಯುತ್ತದೆ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಈ ಹುಳು ಮನುಷ್ಯನಿಲ್ಲದೆ ಕಾಡಿನಲ್ಲಿ ಬದುಕಲಾರದು. ಸಂಗಾತಿ ಪ್ರಾಣಿ ಎಂದು ಕರೆಯಬಹುದಾದದ್ದು ಇದಕ್ಕಿಂತ ಹತ್ತಿರದ್ದು ಯಾವುದಿದೆ?

ಕಾರ್ಟೂನಿನ ನಾಯಕ ತನ್ನ ಬಟರ್‌ಫ್ರೀಯನ್ನು ಕೊನೆಗೆ ಅದರ ಜೋಡಿಯೊಂದಿಗೆ ಹಾರಿಹೋಗಲು ಬಿಡುತ್ತಾನೆ. ಆ ಕಂತು ನೋಡಿ ಅತ್ತ ಮಕ್ಕಳು ನಮ್ಮಲ್ಲೂ ಇದ್ದಾರೆ.

ಪೋಕೆಮಾನ್ ಹುಚ್ಚು ಹತ್ತಿದ ಮಗು ಮನೆಯಲ್ಲಿದ್ದರೆ ಒಂದು ರಜೆಯ ದಿನ ಮಳವಳ್ಳಿ ಅಥವಾ ಮದ್ದೂರು ಕಡೆಯ ಪರಿಚಯದ ರೇಷ್ಮೆ ರೈತರ ಮನೆಗೆ ಕರೆದೊಯ್ಯಿರಿ. ನಾಲ್ಕನೇ ಜ್ವರ ಎದ್ದ ಎರಡು ಮೂರು ದಿನಕ್ಕೆ ಹೋದರೆ ಮೇಯುವ ಸದ್ದು ಕೇಳುತ್ತದೆ, ಹಣ್ಣಾಗುವ ದಿನ ಹೋದರೆ ಚಂದ್ರಿಕೆಗೆ ಬಿಡುವುದನ್ನು ನೋಡಬಹುದು. ಮೊದಲೇ ಕೇಳಿಕೊಂಡು ಹೋಗಿ. ಹೊರಗಿನವರ ಕಾಲಿನ ಧೂಳಿನಲ್ಲಿ ರೋಗ ಬಂದರೆ ಇಡೀ ಬೆಳೆ ಕೈತಪ್ಪುತ್ತದೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿರುತ್ತಾರೆ, ಅದನ್ನು ತುಳಿದು, ಕೈ ತೊಳೆದು ಒಳಗೆ ಕಾಲಿಡಬೇಕು. ಸೊಳ್ಳೆಬತ್ತಿ, ತಂಬಾಕು, ಸೆಂಟು ಹುಳುವಿಗೆ ಆಗಿಬಾರದು. ಮಗುವಿನ ಕೈಗೆ ಒಂದು ಹುಳು ಕೊಡಿ ಎಂದು ಕೇಳಿ ನೋಡಿ. ಹೆಚ್ಚಿನ ಮನೆಗಳಲ್ಲಿ ಕೊಡುತ್ತಾರೆ, ಅದು ಅಂಗೈಗೆ ತಣ್ಣಗೆ ತಗಲುತ್ತದೆ.