ಶಿವಾಜ್ಞೆಯೂ ಲೌಕಿಕ ಜಾಣ್ಮೆಯೂ

ದೇವರ ನಿಯಮದಂತೆ ಬಾಳಬೇಕೆಂಬ ಮಾತು ಅನೇಕ ಧರ್ಮಗಳಲ್ಲಿ ಉಂಟು. ಆದರೆ ಆ ನಿಯಮ ಯಾವುದು, ಅದು ಮನುಷ್ಯನ ಬುದ್ಧಿಗೆ ಎಲ್ಲಿ ಎದುರಾಗುತ್ತದೆ, ಎದುರಾದಾಗ ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಗಳಿಗೆ ಒಂದೊಂದು ಧರ್ಮವೂ ತನ್ನದೇ ಆದ ಉತ್ತರವನ್ನು ಕೊಟ್ಟಿದೆ. ವೀರಶೈವದಲ್ಲಿ ಶಿವಾಜ್ಞೆಯೆಂಬುದು ಹೊರಗಿನಿಂದ ಹೇರಿದ ಶಾಸನವಲ್ಲ. ಆಚಾರವಾಗಿ ಮೈಗೂಡುವ ನಡೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಪಂಚಾಚಾರಗಳು ಈ ನಡೆಯ ಐದು ಮುಖಗಳು. ಇವುಗಳಲ್ಲಿ ಸದಾಚಾರವು ನ್ಯಾಯವಾದ ದುಡಿಮೆಯಿಂದ ಗಳಿಸಿ, ಗಳಿಸಿದ್ದನ್ನು ಗುರುಲಿಂಗಜಂಗಮಕ್ಕೆ ಸವೆಸುವುದನ್ನು ಬೋಧಿಸುತ್ತದೆ. ಭೃತ್ಯಾಚಾರವು ತಾನು ಶರಣರೆಲ್ಲರಿಗಿಂತ ಕಿರಿಯನೆಂಬ ವಿನಯವನ್ನು ಕಲಿಸುತ್ತದೆ. ಇವೆರಡೂ ಒಂದಾದಲ್ಲಿ ದಾಸೋಹ ಹುಟ್ಟುತ್ತದೆ.

ಹಾಗಾದರೆ ಶರಣರು ಬದಿಗಿಡಬೇಕೆಂದ ಮಾನವಬುದ್ಧಿ ಯಾವುದು? ಇಲ್ಲಿ ಎಚ್ಚರ ಬೇಕು. ಅರಿವನ್ನೇ ಗುರುವೆಂದು ಭಾವಿಸಿದ ಪರಂಪರೆ ಬುದ್ಧಿಯನ್ನು ಹಳಿಯಲಾರದು. ನೇಯುವವನ ಕೈಚಳಕ, ಹಗ್ಗ ಹೊಸೆಯುವವನ ಹದ, ಒಕ್ಕಲಿಗನ ಮಳೆ ನಕ್ಷತ್ರಗಳ ತಿಳಿವಳಿಕೆ ಇವೆಲ್ಲವೂ ಕಾಯಕಕ್ಕೆ ಸೇರಿದವು. ಇವಿಲ್ಲದೆ ಕಾಯಕ ನಡೆಯದು. ಶರಣರು ನಿರಾಕರಿಸಿದ್ದು ಈ ಕುಶಲತೆಯನ್ನಲ್ಲ. ದುಡಿದು ಬಂದುದು ಯಾರದು ಎಂಬ ಪ್ರಶ್ನೆ ಎದ್ದಾಗ 'ನನ್ನದು' ಎಂದು ಮೊದಲೇ ತೀರ್ಪು ಕೊಟ್ಟುಬಿಡುವ ಲೆಕ್ಕದ ಜಾಣ್ಮೆಯನ್ನು ಅವರು ನಿರಾಕರಿಸಿದರು. ಹೇಗೆ ಬೆಳೆಯಬೇಕೆಂಬುದನ್ನು ಬುದ್ಧಿ ಹೇಳಲಿ. ಬೆಳೆದುದು ಯಾರದೆಂಬುದನ್ನು ಹೇಳುವ ಅಧಿಕಾರ ಅದಕ್ಕಿಲ್ಲ. ಶಿವಾಜ್ಞೆಗೂ ಲೌಕಿಕ ಜಾಣ್ಮೆಗೂ ನಡುವಿನ ಗೆರೆ ಇದೇ.

ಕಲ್ಯಾಣದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತ ಈ ಗೆರೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಲೋಕದ ದೃಷ್ಟಿಯಲ್ಲಿ ಮಾರಯ್ಯನದು ತಪ್ಪಲ್ಲ. ನಾಳೆ ಮಳೆ ಬರಬಹುದು, ಮೈ ಹುಷಾರಿಲ್ಲದಿರಬಹುದು. ಎರಡು ದಿನದ ಅಕ್ಕಿ ಮನೆಯಲ್ಲಿದ್ದರೆ ನೆಮ್ಮದಿ. ಅಷ್ಟು ಸಮಂಜಸವಾದ ಜಾಣ್ಮೆಯಾಗಿದ್ದರಿಂದಲೇ ಲಕ್ಕಮ್ಮನ ನಿರಾಕರಣೆಗೆ ಬೆಲೆ ಬಂದಿತು. ಮೂರ್ಖತನವನ್ನು ಬಿಡುವುದು ಸುಲಭ. ಸರಿಯೆಂದು ತೋರುವ ಆಸೆಯನ್ನು ಗುರುತಿಸಿ ಬಿಡುವುದು ಕಠಿಣ.

ಕಲ್ಯಾಣದ ಈ ಆಚಾರ ಆರು ಶತಮಾನಗಳ ಅನಂತರವೂ ಅದೇ ನಾಡಿನಲ್ಲಿ ಜೀವಂತವಾಗಿತ್ತೆಂಬುದಕ್ಕೆ ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರ ಚರಿತ್ರೆ ಸಾಕ್ಷಿ. 1746ರಲ್ಲಿ ಅರಳಗುಂಡಗಿಯ ಒಕ್ಕಲು ಮನೆತನದಲ್ಲಿ ಜನಿಸಿದ ಅವರು 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಅರಳಗುಂಡಗಿಯ ಹೊಲದ ಪ್ರಸಂಗವನ್ನು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ತೆನೆ ಹಾಲುಗಾಳಾದ ಕಾಲದಲ್ಲಿ ಉಳಿದವರೆಲ್ಲ ಕವಣೆ ಹಿಡಿದು ಹಕ್ಕಿಗಳನ್ನು ಓಡಿಸುತ್ತಿದ್ದರೆ, ಶರಣರು ಹಕ್ಕಿಗಳಿಗೆ ನೀರಿಟ್ಟು, ತೆನೆಯನ್ನು ತಿನ್ನಲು ಬಿಟ್ಟರಂತೆ. ಕಂಡವರು ಹುಚ್ಚೆಂದರು. ಆದರೂ ರಾಶಿಯ ದಿನ ಅವರ ಹೊಲದಲ್ಲಿ ಯಾರಿಗೂ ಕಡಿಮೆಯಿಲ್ಲದಷ್ಟು ಜೋಳ ಬಂದಿತೆಂದು ಐತಿಹ್ಯ ಮುಗಿಯುತ್ತದೆ.

ಈ ಪ್ರಸಂಗವನ್ನು ಓದುವವರು ಸಾಮಾನ್ಯವಾಗಿ ಅದರ ಕೊನೆಯನ್ನೇ ಮುಖ್ಯವೆಂದು ತಿಳಿಯುವುದುಂಟು. ಹಕ್ಕಿಗೆ ಕೊಟ್ಟರೆ ರಾಶಿ ಹೆಚ್ಚುತ್ತದೆ, ದಾನ ಮಾಡಿದರೆ ಸಂಪತ್ತು ಬೆಳೆಯುತ್ತದೆ ಎಂಬ ಪಾಠವನ್ನು ಅವರು ಇದರಿಂದ ತೆಗೆಯುತ್ತಾರೆ. ಇದು ಸರಿಯಾದ ಅರ್ಥವಲ್ಲ. ಹೆಚ್ಚು ಬರಲೆಂದು ಕೊಟ್ಟರೆ ಅದು ಬಡ್ಡಿಗೆ ಕೊಟ್ಟಂತೆಯೇ. ಲೆಕ್ಕದ ಜಾಣ್ಮೆ ದಾಸೋಹದ ವೇಷ ತೊಟ್ಟು ಮರಳಿ ಬಂದಂತೆಯೇ. ರಾಶಿ ಹೆಚ್ಚಿತೆಂಬುದು ಕಥೆಯ ಫಲಶ್ರುತಿ. ಪುರಾಣಗಳ ಕೊನೆಯಲ್ಲಿ ಬರುವ ಫಲಶ್ರುತಿಯಂತೆ ಅದು ಕೇಳುವವನ ಮನಸ್ಸನ್ನು ಹತ್ತಿರ ಕರೆಯಲು ಇರತಕ್ಕದ್ದು. ಕಥೆಯ ತಿರುಳು ಇರುವುದು ಅದಕ್ಕೆ ಮೊದಲು, ರಾಶಿ ಆಗುವುದೋ ಇಲ್ಲವೋ ತಿಳಿಯದಿದ್ದ ಆ ದಿನಗಳಲ್ಲಿ. ಫಲ ಕಾಣದಿದ್ದ ಹೊತ್ತಿನಲ್ಲಿ ಹೊಲ ಶಿವನದು, ಹಕ್ಕಿಯೂ ಶಿವನದು ಎಂದು ಕವಣೆಯನ್ನು ಕೆಳಗಿಟ್ಟುದೇ ಅಲ್ಲಿಯ ಶಿವಾಚಾರ. ರಾಶಿ ಕಡಿಮೆಯಾಗಿದ್ದರೂ ಆ ನಡೆ ಸರಿಯಾಗಿಯೇ ಇರುತ್ತಿತ್ತು.

ಈ ಮಾತು ಸಮೃದ್ಧಿಯ ಕಾಲಕ್ಕೆ ಮಾತ್ರ ಒಪ್ಪುವಂತಹುದೆಂದು ಯಾರಾದರೂ ಹೇಳಬಹುದು. ಆದರೆ ಶರಣಬಸವೇಶ್ವರರು ಬಾಳಿದುದು ಸಮೃದ್ಧಿಯ ಕಾಲದಲ್ಲಲ್ಲ. ಅವರ ಜೀವಿತಾವಧಿಯಲ್ಲಿಯೇ, 1791-92ರಲ್ಲಿ, ದಖ್ಖನದ ಬಹುಭಾಗವನ್ನು ಭೀಕರ ಕ್ಷಾಮ ಆವರಿಸಿತ್ತು. ಅಂತಹ ನಾಡಿನಲ್ಲಿ ಧಾನ್ಯವೆಂದರೆ ಪ್ರಾಣ. ಹಗೇವಿನಲ್ಲಿ ಬಚ್ಚಿಟ್ಟುಕೊಳ್ಳುವುದೇ ಜಾಣತನ. ಆ ಕಾಲದಲ್ಲಿ ಬಂದವರಿಗೆಲ್ಲ ಜಾತಿಮತಗಳ ಭೇದವೆಣಿಸದೆ ಅನ್ನವಿಟ್ಟವರೆಂಬ ಕಾರಣಕ್ಕೇ ಜನ ಅವರನ್ನು ಮಹಾದಾಸೋಹಿಯೆಂದು ಕರೆದರು. ಹಳ್ಳಿಯ ಮನೆಯಲ್ಲಿ ಆರಂಭವಾದ ದಾಸೋಹ ಕಲಬುರಗಿಯ ಮಹಾಮನೆಯಲ್ಲಿ ಬೆಳೆಯಿತು. ಇಂದಿಗೂ ಪ್ರತಿವರ್ಷ ಹೋಳಿಹುಣ್ಣಿಮೆಯ ಅನಂತರ ಐದನೆಯ ದಿನ ನಡೆಯುವ ರಥೋತ್ಸವದಲ್ಲಿ, ತೇರು ಸಾಗುವ ಮುನ್ನ ಪೀಠಾಧಿಪತಿಗಳು ಪರುಸಬಟ್ಟಲನ್ನು ಎತ್ತಿ ಭಕ್ತರಿಗೆ ತೋರಿಸುತ್ತಾರೆ. ಲಕ್ಷಾಂತರ ಜನ ಕಾದು ನಿಂತು ನೋಡುವುದು ಕಿರೀಟವನ್ನಲ್ಲ, ಖಡ್ಗವನ್ನಲ್ಲ, ಒಂದು ಬಟ್ಟಲನ್ನು. ಬಟ್ಟಲಿನ ಗುಣ ತುಂಬಿಕೊಳ್ಳುವುದು ಮತ್ತು ಬರಿದಾಗುವುದು. ತುಂಬಿದ್ದನ್ನು ಹಿಡಿದಿಟ್ಟುಕೊಂಡ ಬಟ್ಟಲಿನಿಂದ ದಾಸೋಹ ನಡೆಯದು.

ದಾಸೋಹ ಅನ್ನಕ್ಕೆ ಮಾತ್ರ ಸೀಮಿತವಲ್ಲವೆಂಬುದನ್ನೂ ಆ ಸಂಸ್ಥಾನ ತೋರಿಸಿಕೊಟ್ಟಿತು. ಕಲಬುರಗಿ ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1934ರಲ್ಲಿ, ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಮುಂದಾದರು. 2025ರಲ್ಲಿ ಲಿಂಗೈಕ್ಯರಾದ ಡಾ. ಶರಣಬಸವಪ್ಪ ಅಪ್ಪನವರ ಕಾಲದಲ್ಲಿ ಆ ಕಾರ್ಯ ವಿಶ್ವವಿದ್ಯಾಲಯದವರೆಗೆ ಬೆಳೆಯಿತು. ಹೆಣ್ಣುಮಕ್ಕಳಿಗೆ ಅಕ್ಷರವೇಕೆಂದು ಲೋಕದ ಜಾಣ್ಮೆ ಕೇಳುತ್ತಿದ್ದ ಕಾಲದಲ್ಲಿ ಮಾಡಿದ ಕೆಲಸವಾದುದರಿಂದ ಅದೂ ಹಕ್ಕಿಗೆ ನೀರಿಟ್ಟಂತಹ ನಡೆಯೇ.

ಈ ತತ್ತ್ವ ಮಠದ ಅಂಗಳದಿಂದ ಒಕ್ಕಲಿಗನ ಹೊಲಕ್ಕೆ ಬಂದಾಗ ಹೇಗೆ ಕಾಣುತ್ತದೆ ಎಂಬುದನ್ನೂ ನೋಡಬೇಕು. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ನಡುವೆ ಕಮಲಾಪುರ ಸಿಗುತ್ತದೆ. ಮುಂದೆ ಅದೇ ದಿಕ್ಕಿನಲ್ಲಿ ಬಸವಕಲ್ಯಾಣ. ಕಮಲಾಪುರದ ಕೆಂಪು ಬಾಳೆ ಹೆಸರಾದದ್ದು. ಭೌಗೋಳಿಕ ಸೂಚಕ ಮಾನ್ಯತೆಯನ್ನೂ ಪಡೆದಿದೆ. ಬೇರೆ ಬಾಳೆ ಸುಮಾರು ಒಂದು ವರ್ಷಕ್ಕೆ ಕೈಗೆ ಬಂದರೆ ಇದಕ್ಕೆ ಸುಮಾರು 18 ತಿಂಗಳು ಬೇಕು. ಅಷ್ಟು ಕಾಲ ನೀರು ಗೊಬ್ಬರ ಕೊಟ್ಟು, ಗಾಳಿಗೆ ಬೀಳದಂತೆ ಕಾದು, ಕಂದುಗಳನ್ನು ಹದವರಿತು ತೆಗೆಯಬೇಕು. ಶಿವನ ಮೇಲೆ ಭಾರ ಹಾಕಿ ಕುಳಿತರೆ ಗೊನೆ ತೂಗದು. ಇಲ್ಲಿ ಬುದ್ಧಿ ಬೇಕು, ಲೆಕ್ಕವೂ ಬೇಕು. ಅದು ಕಾಯಕದ ಭಾಗ.

ಪರೀಕ್ಷೆ ಬರುವುದು ಗೊನೆ ಕಡಿದ ಮೇಲೆ. ಬೆಲೆಯುಳ್ಳ ಹಣ್ಣು, ಕಾದ ಕಾಲ ದೀರ್ಘ, ಮಾಡಿದ ಸಾಲ ಕಣ್ಣಮುಂದೆ. ಆಗ ಆಳಿನ ಕೂಲಿಯಲ್ಲಿ ಕಡಿತ ಮಾಡು, ಮನೆಗೆ ಬಂದವರನ್ನು ಕಾಣದಂತಿರು ಎಂದು ಜಾಣ್ಮೆ ಹೇಳುತ್ತದೆ. ಅದರ ಮಾತಿಗೆ ಕಾರಣಗಳೂ ಇರುತ್ತವೆ. ಇದಕ್ಕೆ ಉತ್ತರವಾಗಿ ಶಿವಾಚಾರವು ಎಲ್ಲವನ್ನೂ ಹಂಚಿ ಬರಿಗೈಯಾಗೆಂದು ಹೇಳುವುದಿಲ್ಲ. ಸಾಲ ತೀರಿಸುವುದು ಸದಾಚಾರ. ಮಕ್ಕಳಿಗೆ ಉಣಿಸುವುದೂ ಜಂಗಮಸೇವೆಗೆ ಹೊರತಲ್ಲ. ಅದು ಕೇಳುವುದಿಷ್ಟೆ: ಮೊದಲು ನನಗೆ, ಉಳಿದರೆ ಶಿವನಿಗೆ ಎಂಬ ಕ್ರಮವನ್ನು ತಿರುಗಿಸಿ, ಎಲ್ಲವೂ ಶಿವನದು, ಅದರಲ್ಲಿ ನನ್ನ ಪಾಲು ಪ್ರಸಾದ ಎಂದು ತಿಳಿದು ನಡೆ. ಕ್ರಮ ತಿರುಗಿದೊಡನೆ ಕೂಲಿಯವನ ಪಾಲು ಕೃಪೆಯಾಗಿ ಉಳಿಯದೆ ಹಕ್ಕಾಗುತ್ತದೆ. ಬಂದ ಅತಿಥಿ ಹೊರೆಯಾಗಿ ಕಾಣದೆ ದಾಸೋಹಕ್ಕೆ ಒದಗಿದ ಜಂಗಮನಾಗುತ್ತಾನೆ. ಹೊಲ ಅದೇ, ಗೊನೆ ಅದೇ. ಒಡೆಯ ಮಾತ್ರ ಬದಲಾಗುತ್ತಾನೆ.

ಅಂತೆಯೇ ಶಿವಾಜ್ಞೆಯಂತೆ ಬಾಳುವುದೆಂದರೆ ಬುದ್ಧಿಯನ್ನು ಕಳೆದುಕೊಳ್ಳುವುದಲ್ಲ. ಬುದ್ಧಿಯನ್ನು ಒಡೆಯನ ಸ್ಥಾನದಿಂದ ಇಳಿಸಿ ಭೃತ್ಯನ ಸ್ಥಾನದಲ್ಲಿ ನಿಲ್ಲಿಸುವುದು. ಆಯ್ದ ಅಕ್ಕಿಯನ್ನು ಮರಳಿ ಸುರಿಸಿದ ಲಕ್ಕಮ್ಮ, ಕವಣೆಯನ್ನು ಕೆಳಗಿಟ್ಟ ಶರಣಬಸವೇಶ್ವರರು ಲೆಕ್ಕ ತಿಳಿಯದವರಾಗಿರಲಿಲ್ಲ. ಎಷ್ಟು ಬೇಕೆಂಬುದನ್ನು ಇತರರಿಗಿಂತ ಸರಿಯಾಗಿ ತಿಳಿದವರಾಗಿದ್ದರು.